ಒಂದೇ ಫೈಲಿನಿಂದ ವರ್ಡ್, ಪಿಡಿಎಫ್, ವೆಬ್: ಚಿತ್ರಗಳನ್ನೂ ಅಕ್ಷರದಲ್ಲೇ ಬರೆದಿಡುವ ವಿಧಾನ

ಹುಬ್ಬಳ್ಳಿ-ಧಾರವಾಡದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕೊನೆಯ ಸೆಮಿಸ್ಟರ್ ಬಂತೆಂದರೆ ಪ್ರಾಜೆಕ್ಟ್ ರಿಪೋರ್ಟಿನ ಗಡಿಬಿಡಿ ಶುರು. ವಿದ್ಯಾನಗರದ ಝೆರಾಕ್ಸ್ ಅಂಗಡಿಗಳ ಮುಂದೆ ಬೈಂಡಿಂಗ್‌ಗೆ ಪಾಳಿ ಹಚ್ಚುತ್ತಾರೆ. ಗೈಡ್ ಅದೇ ರಿಪೋರ್ಟನ್ನು ವರ್ಡ್‌ನಲ್ಲಿ ಕೇಳುತ್ತಾರೆ, ತಿದ್ದಲು ಅನುಕೂಲ ಅಂತ. ಅಂಗಡಿಯವರಿಗೆ ಪಿಡಿಎಫ್ ಬೇಕು. ಮುಂದೆ ಕೆಲಸದ ಸಂದರ್ಶನದಲ್ಲಿ ತೋರಿಸಲು ವೆಬ್ ಪುಟ ಇದ್ದರೆ ಒಳ್ಳೆಯದು. ಬರಹವನ್ನು ಮೂರು ರೂಪಕ್ಕೆ ತಿರುಗಿಸುವುದು ಈಗ ದೊಡ್ಡ ಮಾತಲ್ಲ. ಎಲ್ಲರೂ ಸಿಕ್ಕಿಬೀಳುವುದು ಚಿತ್ರಗಳ ಹತ್ತಿರ.

ಫ್ಲೋಚಾರ್ಟನ್ನು ಯಾವುದೋ ಡ್ರಾಯಿಂಗ್ ಸಾಫ್ಟ್‌ವೇರಿನಲ್ಲಿ ಎಳೆದು, ಸ್ಕ್ರೀನ್‌ಶಾಟ್ ತೆಗೆದು ಅಂಟಿಸಿರುತ್ತಾರೆ. ಒಂದು ಡಬ್ಬಿಯ ಹೆಸರು ಬದಲಾದರೆ ಮತ್ತೆ ಎಳೆಯಬೇಕು, ಮತ್ತೆ ಸ್ಕ್ರೀನ್‌ಶಾಟ್, ಮೂರು ಕಡೆ ಮತ್ತೆ ಅಂಟಿಸುವುದು. ಎಳೆದವನು ಊರಿಗೆ ಹೋಗಿದ್ದರೆ ಮೂಲ ಫೈಲೇ ಸಿಗುವುದಿಲ್ಲ. ಪ್ರಿಂಟ್ ತೆಗೆದರೆ ಅಕ್ಷರ ಮಸುಕು.

ಇದಕ್ಕೆ ಒಂದು ಹಳೆಯ ಉಪಾಯವಿದೆ. ಚಿತ್ರವನ್ನು ಎಳೆಯುವ ಬದಲು ಅದರಲ್ಲಿ ಏನಿರಬೇಕು ಎಂದು ಕೆಲವು ಸಾಲುಗಳಲ್ಲಿ ಬರೆದು, ಆ ಸಾಲುಗಳನ್ನು ರಿಪೋರ್ಟಿನ ಬರಹದೊಳಗೇ ಇಟ್ಟುಬಿಡುವುದು. ಎಳೆಯುವ ಕೆಲಸ ಕಂಪ್ಯೂಟರಿನದು. ಪಿಡಿಎಫ್ ಬೇಕೆಂದಾಗ ಪಿಡಿಎಫ್‌ಗೆ ಒಗ್ಗುವ ಚಿತ್ರ, ವೆಬ್ ಬೇಕೆಂದಾಗ ವೆಬ್‌ಗೆ ಒಗ್ಗುವ ಚಿತ್ರ ಆಗಲೇ ತಯಾರಾಗುತ್ತದೆ. ಇದು ವಿದ್ಯಾರ್ಥಿಗಳಿಗೆ ಮಾತ್ರ ಸಂಬಂಧಿಸಿದ್ದಲ್ಲ. ಕಚೇರಿಯ ಕಾರ್ಯವಿಧಾನ ಬರೆದಿಡುವವರು, ಪಾಠದ ಟಿಪ್ಪಣಿ ಮಾಡುವ ಮೇಷ್ಟ್ರು, ರೈತ ಉತ್ಪಾದಕ ಕಂಪನಿಯ ವರದಿ ತಯಾರಿಸುವವರು, ಎಲ್ಲರೂ ಬಳಸಬಹುದು.

ಸಾದಾ ಪಠ್ಯ ಅಂದರೆ ಯಾವುದು?

ನೋಟ್‌ಪ್ಯಾಡಿನಲ್ಲಿ ತೆರೆದರೆ ಪೂರ್ತಿ ಓದಲು ಬರುವ ಫೈಲೇ ಸಾದಾ ಪಠ್ಯ. ಅದರಲ್ಲಿ ಅಕ್ಷರಗಳಷ್ಟೇ ಇರುತ್ತವೆ. ಬಣ್ಣ, ಅಳತೆ, ಅಂಟಿಸಿದ ಚಿತ್ರ ಯಾವುದೂ ಇಲ್ಲ. ವರ್ಡ್ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿ, ಕಸಕಡ್ಡಿಯಂತೆ ಏನೇನೋ ಕಾಣುತ್ತದೆ. ಅದು ಸಾದಾ ಪಠ್ಯವಲ್ಲ.

ಹಾಗಾದರೆ ತಲೆಬರಹ ಯಾವುದು, ಪಟ್ಟಿ ಯಾವುದು ಅಂತ ಹೇಗೆ ಹೇಳುವುದು? ಸಣ್ಣ ಗುರುತುಗಳಿಂದ. ಸಾಲಿನ ಮೊದಲಿಗೆ ಒಂದು ಹ್ಯಾಶ್ ಚಿಹ್ನೆ ಇಟ್ಟರೆ ತಲೆಬರಹ, ಒಂದು ಅಡ್ಡಗೀಟು ಇಟ್ಟರೆ ಪಟ್ಟಿಯ ಸಾಲು. ಇಂಥ ಗುರುತುಗಳ ಪದ್ಧತಿಗಳಲ್ಲಿ ಜಾಸ್ತಿ ಬಳಕೆಯಲ್ಲಿರುವುದು ಮಾರ್ಕ್‌ಡೌನ್, 2004ರಲ್ಲಿ ಬಂದದ್ದು. ಈಮ್ಯಾಕ್ಸ್ ಎಂಬ ಎಡಿಟರಿನೊಳಗೆ ಕೆಲಸ ಮಾಡುವ ಆರ್ಗ್ ಮೋಡ್ 2003ರದು. ತಾಂತ್ರಿಕ ಕೈಪಿಡಿ ಬರೆಯುವವರು ಆಸ್ಕಿಡಾಕ್ ಬಳಸುತ್ತಾರೆ. ಗುರುತುಗಳು ಬೇರೆ ಬೇರೆ, ವಿಚಾರ ಒಂದೇ.

ಈ ಸಾದಾ ಫೈಲನ್ನು ಓದಿ ವರ್ಡ್, ಪಿಡಿಎಫ್, ವೆಬ್ ಪುಟ ಮಾಡಿಕೊಡುವುದಕ್ಕೆ ಎಕ್ಸ್‌ಪೋರ್ಟ್ ಎನ್ನುತ್ತಾರೆ. ಮಾರ್ಕ್‌ಡೌನ್ ಬರೆಯುವವರಿಗೆ ಪ್ಯಾಂಡಾಕ್ ಎಂಬ ಪ್ರೋಗ್ರಾಂ ಇದೆ. ಆರ್ಗ್ ಮೋಡ್‌ನಲ್ಲಿ ಎಕ್ಸ್‌ಪೋರ್ಟ್ ಒಳಗೇ ಇದೆ, ವರ್ಡ್‌ಗಾಗಿ ಮಾತ್ರ ಅದು ವರ್ಡ್ ತೆರೆಯಬಲ್ಲ ಒಡಿಟಿ ಎಂಬ ರೂಪದ ಫೈಲ್ ಕೊಡುತ್ತದೆ. ಎರಡೂ ಉಚಿತ.

ಬ್ಯಾಡಗಿ ಮಾರುಕಟ್ಟೆಯ ಒಂದು ಚಿತ್ರ

ಒಂದು ಉದಾಹರಣೆ ಹಿಡಿಯೋಣ. ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಒಂದು ಲಾಟಿನ ಪ್ರಯಾಣವನ್ನು ತೋರಿಸುವ ಫ್ಲೋಚಾರ್ಟ್ ಬೇಕು ಅಂದುಕೊಳ್ಳಿ. ರೈತರು ಚೀಲಗಳನ್ನು ದಲಾಲಿ ಅಂಗಡಿಗೆ ತರುತ್ತಾರೆ. ರಾಶಿಗೆ ಲಾಟ್ ನಂಬರ್ ಬೀಳುತ್ತದೆ. ಖರೀದಿದಾರರು ಮಾಲು ನೋಡಿ ಇ-ಟೆಂಡರಿನಲ್ಲಿ ದರ ಹಾಕುತ್ತಾರೆ. ದರ ರೈತರಿಗೆ ಒಪ್ಪಿಗೆಯಾದರೆ ತೂಕ, ಆಮೇಲೆ ಹಣ. ಒಪ್ಪದಿದ್ದರೆ ಮಾಲು ಮತ್ತೊಂದು ಟೆಂಡರಿಗೆ ಹೋಗುತ್ತದೆ.

ಗ್ರಾಫ್‌ವಿಜ್ ಎಂಬ ಚಿತ್ರ ಬಿಡಿಸುವ ಪ್ರೋಗ್ರಾಮಿಗೆ ಇದನ್ನು ಹೀಗೆ ಬರೆದು ಕೊಡುತ್ತೇವೆ:

ಆವಕ -> ಲಾಟ್ -> ಟೆಂಡರ್ -> "ರೈತರ ಒಪ್ಪಿಗೆ"
"ರೈತರ ಒಪ್ಪಿಗೆ" -> ತೂಕ
"ರೈತರ ಒಪ್ಪಿಗೆ" -> ಟೆಂಡರ್
ತೂಕ -> ಪಾವತಿ

ಇದರ ಮೇಲೆ ಕೆಳಗೆ ಒಂದೊಂದು ಆವರಣ ಮತ್ತು ‘ಇದು ಬಾಣಗಳಿರುವ ಚಿತ್ರ’ ಎಂದು ಹೇಳುವ ಒಂದು ಪದ ಬೇಕು. ಅಷ್ಟೇ. ಕನ್ನಡದಲ್ಲೇ ಬರೆಯಬಹುದು ಎಂಬುದನ್ನು ಗಮನಿಸಿ. ಎರಡು ಪದಗಳ ಹೆಸರಿದ್ದರೆ ಉದ್ಧರಣ ಚಿಹ್ನೆಯೊಳಗೆ ಇಡಬೇಕು, ಒಂದೇ ಪದವಾದರೆ ಅದೂ ಬೇಡ. ಯಾವ ಡಬ್ಬಿ ಎಲ್ಲಿ ಕೂಡಬೇಕು, ಬಾಣ ಎಲ್ಲಿಂದ ಬಾಗಬೇಕು ಅಂತ ನಾವು ಒಂದಕ್ಷರವನ್ನೂ ಬರೆದಿಲ್ಲ. ಯಾವುದರಿಂದ ಯಾವುದಕ್ಕೆ ಸಂಬಂಧ ಎಂದಷ್ಟೇ ಹೇಳಿದ್ದೇವೆ.

ರಂಗೋಲಿ ಪುಸ್ತಕ ನೋಡಿದವರಿಗೆ ಇದು ಬೇಗ ಹೊಳೆಯುತ್ತದೆ. ‘15 ಚುಕ್ಕಿ, ಸಂದಿನಲ್ಲಿ ಇಡುತ್ತಾ 8ರ ತನಕ’ ಎಂಬ ಒಂದು ಸಾಲಿನಿಂದ ಅಂಗಳದಲ್ಲಿ ದೊಡ್ಡದಾಗಿಯೂ ಹೊಸ್ತಿಲಲ್ಲಿ ಚಿಕ್ಕದಾಗಿಯೂ ಚುಕ್ಕಿ ಇಡಬಹುದು. ಎರಡೂ ಕಡೆ ಗೆರೆ ಚೊಕ್ಕವಾಗಿಯೇ ಇರುತ್ತದೆ. ಅದೇ ರಂಗೋಲಿಯ ಫೋಟೊ ತೆಗೆದು ಹಿಗ್ಗಿಸಿದರೆ ಮಸುಕಾಗುತ್ತದೆ. ನಾವು ರಿಪೋರ್ಟಿನಲ್ಲಿ ಇಡುತ್ತಿರುವುದು ಆ ಸಾಲು. ಸ್ಕ್ರೀನ್‌ಶಾಟ್ ಇಡುವವರು ಫೋಟೊ ಇಡುತ್ತಿದ್ದಾರೆ.

ಜಾಗ ಯಾರು ಗೊತ್ತು ಮಾಡುತ್ತಾರೆ?

ಗ್ರಾಫ್‌ವಿಜ್ ಹುಟ್ಟಿದ್ದು ಅಮೆರಿಕದ ಎಟಿ ಅಂಡ್ ಟಿ ಕಂಪನಿಯ ಸಂಶೋಧನಾ ವಿಭಾಗದಲ್ಲಿ, 1990ರ ದಶಕದ ಆರಂಭದಲ್ಲಿ. ಅದರೊಳಗಿನ ‘ಡಾಟ್’ ಎಂಬ ಭಾಗ ಹೇಗೆ ಯೋಚಿಸುತ್ತದೆ ಎಂದು ಅದನ್ನು ಮಾಡಿದವರೇ 1993ರಲ್ಲಿ ಒಂದು ಪ್ರಬಂಧದಲ್ಲಿ ವಿವರಿಸಿದರು. ಕೇಳಲು ಸ್ವಾರಸ್ಯವಾಗಿದೆ.

ಮೊದಲು ಅದು ಪ್ರತಿ ಡಬ್ಬಿಗೂ ಒಂದು ಮೆಟ್ಟಿಲು ಕೊಡುತ್ತದೆ. ಆವಕ ಮೇಲಿನ ಮೆಟ್ಟಿಲು, ಲಾಟ್ ಅದರ ಕೆಳಗೆ, ಟೆಂಡರ್ ಇನ್ನೂ ಕೆಳಗೆ. ನಮ್ಮ ಚಿತ್ರದಲ್ಲಿ ಒಂದು ತೊಡಕಿದೆ. ಒಪ್ಪಿಗೆಯಿಂದ ಟೆಂಡರಿಗೆ ಬಾಣ ವಾಪಸ್ ಹೋಗುತ್ತದೆ, ಹಾಗಾಗಿ ಯಾವುದು ಮೇಲೆ ಯಾವುದು ಕೆಳಗೆ ಅಂತ ಹೇಳಲಾಗದು. ಡಾಟ್ ಆ ಬಾಣವನ್ನು ಸ್ವಲ್ಪ ಹೊತ್ತು ತಿರುಗಿಸಿ ಇಟ್ಟುಕೊಂಡು ಲೆಕ್ಕ ಮುಗಿಸುತ್ತದೆ. ಬಿಡಿಸುವಾಗ ಮತ್ತೆ ಸರಿಯಾದ ದಿಕ್ಕಿಗೆ ಮಾಡುತ್ತದೆ. ಆಮೇಲೆ ಒಂದೇ ಮೆಟ್ಟಿಲಿನಲ್ಲಿರುವ ಡಬ್ಬಿಗಳನ್ನು ಎಡಕ್ಕೆ ಬಲಕ್ಕೆ ಸರಿಸಿ, ಗೆರೆಗಳು ಒಂದನ್ನೊಂದು ಆದಷ್ಟು ಕಡಿಮೆ ದಾಟುವಂತೆ ನೋಡುತ್ತದೆ. ಮೂರನೆಯದಾಗಿ ನಿಖರ ಜಾಗ, ಕೊನೆಗೆ ಗೆರೆಗಳ ಬಾಗು.

ಇದರಿಂದ ಒಂದು ಲಾಭ, ಒಂದು ನಷ್ಟ. ಟೆಂಡರ್ ಮತ್ತು ಒಪ್ಪಿಗೆಯ ನಡುವೆ ‘ದರ ಘೋಷಣೆ’ ಎಂಬ ಹೊಸ ಹೆಜ್ಜೆ ಸೇರಿಸಬೇಕಾದರೆ ಒಂದು ಸಾಲು ತಿದ್ದಿದರೆ ಸಾಕು, ಉಳಿದ ಡಬ್ಬಿಗಳು ತಾವೇ ಸರಿದುಕೊಳ್ಳುತ್ತವೆ. ಆದರೆ ‘ಈ ಡಬ್ಬಿಯನ್ನು ಒಂದಿಷ್ಟು ಎಡಕ್ಕೆ ಇಡು’ ಎಂದು ಹಟ ಹಿಡಿದರೆ ಅದರ ಜೊತೆ ಜಗಳವೇ ಸರಿ. ಮೇಲಿನಿಂದ ಕೆಳಗೆ ಹೋಗುವ ಚಿತ್ರವನ್ನು ಎಡದಿಂದ ಬಲಕ್ಕೆ ತಿರುಗಿಸಬಹುದು, ಎರಡು ಡಬ್ಬಿಗಳನ್ನು ಒಂದೇ ಮೆಟ್ಟಿಲಿನಲ್ಲಿ ಕೂಡಿಸಬಹುದು. ಅದಕ್ಕಿಂತ ಜಾಸ್ತಿ ಕೈಯಾಡಿಸಲು ಹೋದರೆ ಸಮಯ ಹಾಳು. ಅದು ಕೊಟ್ಟ ರೂಪವನ್ನು ಒಪ್ಪಿಕೊಳ್ಳುವವರಿಗೆ ಈ ದಾರಿ ಸುಖ.

ಎಕ್ಸ್‌ಪೋರ್ಟ್ ಒತ್ತಿದಾಗ ಒಳಗೆ ಏನಾಗುತ್ತದೆ

ಬರಹದ ನಡುವೆ ಕೋಡ್, ಅಂದರೆ ಮೇಲಿನಂಥ ಸೂಚನೆಯ ಸಾಲುಗಳು, ಇದೆ ಎಂದು ಗುರುತಿಸಲು ಬೇಲಿ ಹಾಕುತ್ತೇವೆ. ಮಾರ್ಕ್‌ಡೌನ್‌ನಲ್ಲಿ ಮೂರು ಬ್ಯಾಕ್‌ಟಿಕ್ ಚಿಹ್ನೆ (`) ಮೇಲೆ, ಮೂರು ಕೆಳಗೆ. ಮೇಲಿನ ಬೇಲಿಯ ಪಕ್ಕ ಯಾವ ಭಾಷೆಯ ಕೋಡ್ ಎಂಬ ಹೆಸರು ಬರೆಯುತ್ತೇವೆ. ಆರ್ಗ್ ಮೋಡ್‌ನಲ್ಲಿ ಇದಕ್ಕೆ ‘ಬಿಗಿನ್’ ಮತ್ತು ‘ಎಂಡ್’ ಎಂಬ ಸಾಲುಗಳಿವೆ.

ಎಕ್ಸ್‌ಪೋರ್ಟ್ ಮಾಡುವ ಪ್ರೋಗ್ರಾಂ ಫೈಲನ್ನು ಮೇಲಿನಿಂದ ಓದುತ್ತಾ ಬರುತ್ತದೆ. ತಲೆಬರಹ ಕಂಡರೆ ತಲೆಬರಹ, ಪ್ಯಾರಾ ಕಂಡರೆ ಪ್ಯಾರಾ ಎಂದು ಗುರುತು ಮಾಡಿಕೊಳ್ಳುತ್ತದೆ. ಬೇಲಿ ಹಾಕಿದ ಕೋಡ್ ಸಿಕ್ಕಾಗ ಅದನ್ನು ಎತ್ತಿ ಗ್ರಾಫ್‌ವಿಜ್ ಕೈಗೆ ಕೊಡುತ್ತದೆ. ಗ್ರಾಫ್‌ವಿಜ್ ಒಂದು ಚಿತ್ರದ ಫೈಲ್ ಮಾಡಿ ವಾಪಸ್ ಕೊಡುತ್ತದೆ. ಕೋಡ್ ಇದ್ದ ಜಾಗದಲ್ಲಿ ಈಗ ‘ಇಲ್ಲಿ ಆ ಚಿತ್ರ ಹಾಕು’ ಎಂಬ ಸೂಚನೆ ಬಂದು ಕೂಡುತ್ತದೆ. ಎಲ್ಲಾ ಮುಗಿದ ಮೇಲೆ ವರ್ಡ್ ಅಥವಾ ಪಿಡಿಎಫ್ ಬರೆಯುವ ಕೆಲಸ. ಹಾಗಾಗಿ ಓದುಗರಿಗೆ ಕೋಡ್ ಕಾಣುವುದಿಲ್ಲ, ಚಿತ್ರ ಮಾತ್ರ ಕಾಣುತ್ತದೆ.

ಈ ಮಧ್ಯದ ಕೆಲಸವನ್ನು ಆರ್ಗ್ ಮೋಡ್‌ನಲ್ಲಿ ಬೇಬಲ್ ಎಂಬ ಭಾಗ ಮಾಡುತ್ತದೆ. ಪ್ಯಾಂಡಾಕ್‌ನಲ್ಲಿ ಅದಕ್ಕೊಂದು ‘ಫಿಲ್ಟರ್’ ಸೇರಿಸಬೇಕು, ಅಂದರೆ ಓದುವುದಕ್ಕೂ ಬರೆಯುವುದಕ್ಕೂ ನಡುವೆ ನಿಂತು ಬದಲಾವಣೆ ಮಾಡುವ ಸಣ್ಣ ಪ್ರೋಗ್ರಾಂ. ಪ್ಯಾಂಡಾಕ್ ಮೇಲೆಯೇ ಕಟ್ಟಿದ ಕ್ವಾರ್ಟೊದಲ್ಲಿ ಈ ಸೌಕರ್ಯ ಮೊದಲೇ ಬಂದಿರುತ್ತದೆ. ಹೊಸಬರಿಗೆ ಅದು ಸುಲಭ.

ಮುಖ್ಯ ಮಾತು ಇದು: ಈಗ ಯಾವ ರೂಪಕ್ಕೆ ಎಕ್ಸ್‌ಪೋರ್ಟ್ ಆಗುತ್ತಿದೆ ಎಂಬುದು ಈ ಮಧ್ಯದ ಭಾಗಕ್ಕೆ ಗೊತ್ತಾಗುವಂತೆ ಮಾಡಬಹುದು. ಅದನ್ನು ನೋಡಿ ಚಿತ್ರದ ಜಾತಿಯನ್ನು ಬದಲಿಸಬಹುದು. ಯಾಕೆ ಬದಲಿಸಬೇಕು ಎನ್ನುವುದೇ ಮುಂದಿನ ವಿಷಯ.

ಒಂದೊಂದು ರೂಪಕ್ಕೆ ಒಂದೊಂದು ಚಿತ್ರ

ಕಂಪ್ಯೂಟರ್ ಚಿತ್ರಗಳಲ್ಲಿ ಎರಡು ಬಗೆ. ಒಂದು, ಸಣ್ಣ ಸಣ್ಣ ಬಣ್ಣದ ಚೌಕಗಳನ್ನು ಜೋಡಿಸಿ ಮಾಡಿದ್ದು. ಆ ಚೌಕಕ್ಕೆ ಪಿಕ್ಸೆಲ್ ಎಂದು ಹೆಸರು. ಪಿಎನ್‌ಜಿ ಈ ಜಾತಿ. ಇನ್ನೊಂದು, ‘ಇಲ್ಲಿಂದ ಇಲ್ಲಿಗೆ ಗೆರೆ, ಇಲ್ಲೊಂದು ವೃತ್ತ’ ಎಂಬ ಸೂಚನೆಗಳನ್ನೇ ಇಟ್ಟುಕೊಂಡಿರುವುದು. ಇದಕ್ಕೆ ವೆಕ್ಟರ್ ಎನ್ನುತ್ತಾರೆ. ಎಸ್‌ವಿಜಿ ಈ ಜಾತಿ. ಪಿಡಿಎಫ್‌ನೊಳಗೂ ವೆಕ್ಟರ್ ಚಿತ್ರ ಇರಬಹುದು. ವೆಕ್ಟರ್ ಚಿತ್ರವನ್ನು ಎಷ್ಟು ಹಿಗ್ಗಿಸಿದರೂ ಮಸುಕಾಗುವುದಿಲ್ಲ.

ಪಿಎನ್‌ಜಿಯ ಲೆಕ್ಕ ಹೀಗಿದೆ. 600 ಪಿಕ್ಸೆಲ್ ಅಗಲದ ಚಿತ್ರ ಪರದೆಯ ಮೇಲೆ ಧಾರಾಳವಾಗಿ ಕಾಣುತ್ತದೆ. ಇಂಚಿಗೆ 96 ಪಿಕ್ಸೆಲ್ ಎಂದು ಹಿಡಿದರೆ ಅದು ಆರು ಇಂಚಿಗೂ ಸ್ವಲ್ಪ ಜಾಸ್ತಿ. ಆದರೆ ಅಚ್ಚಿನಲ್ಲಿ ಚೊಕ್ಕವಾಗಿ ಬರಬೇಕಾದರೆ ಇಂಚಿಗೆ 300 ಪಿಕ್ಸೆಲ್ ಬೇಕೆನ್ನುವುದು ರೂಢಿ. ಅದೇ ಚಿತ್ರ ಅಲ್ಲಿ ಎರಡೇ ಇಂಚು! ಎ4 ಹಾಳೆಯಲ್ಲಿ ಅಂಚು ಬಿಟ್ಟು ಉಳಿಯುವ ಆರು ಇಂಚು ತುಂಬಲು 1800 ಪಿಕ್ಸೆಲ್ ಬೇಕು. ಪರದೆಯ ಮೇಲೆ ಚೆಂದ ಕಂಡ ಫ್ಲೋಚಾರ್ಟ್ ಬೈಂಡಿಂಗ್ ಆಗಿ ಬಂದಾಗ ಮಂಕಾಗಿ ಕಾಣುವುದಕ್ಕೆ ಕಾರಣ ಇದೇ. ಗ್ರಾಫ್‌ವಿಜ್ ಸುಮ್ನೆ ಬಿಟ್ಟರೆ ಪಿಎನ್‌ಜಿಯನ್ನು 96ರ ಲೆಕ್ಕದಲ್ಲೇ ಮಾಡುತ್ತದೆ. ಅಚ್ಚಿಗೆ ಬೇಕಾದರೆ 300 ಎಂದು ಹೇಳಬೇಕು.

ಹಾಗಾಗಿ ವೆಬ್ ಪುಟಕ್ಕೆ ಎಸ್‌ವಿಜಿ, ಪಿಡಿಎಫ್‌ಗೆ ಪಿಡಿಎಫ್ ಚಿತ್ರವೇ, ವರ್ಡ್‌ಗೆ 300ರ ಪಿಎನ್‌ಜಿ. ವರ್ಡ್‌ನ ಹಳೆಯ ಆವೃತ್ತಿಗಳು ಎಸ್‌ವಿಜಿ ತೋರಿಸುವುದಿಲ್ಲ. ಹೊಸವು ತೋರಿಸುತ್ತವೆ. ನಿಮ್ಮ ಗೈಡ್ ಹತ್ತಿರ ಯಾವುದಿದೆ ಎಂದು ಕೇಳುತ್ತಾ ಕೂಡುವುದಕ್ಕಿಂತ ಪಿಎನ್‌ಜಿ ಕಳಿಸುವುದೇ ವಾಸಿ.

ಮುದ್ರಣಕ್ಕೆ ಹೆಸರಾದ ಗದಗಿನಂಥ ಊರಿನ ಪ್ರೆಸ್ಸಿಗೆ ಪುಸ್ತಕ ಕೊಡುವವರು ಇನ್ನೊಂದು ನೋಡಿಕೊಳ್ಳಬೇಕು. ಪಿಡಿಎಫ್‌ನೊಳಗೆ ಫಾಂಟ್ ಸೇರಿಕೊಂಡಿರಬೇಕು. ಇಲ್ಲದಿದ್ದರೆ ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಆ ಫಾಂಟ್ ಇರದಿದ್ದಾಗ ಅಕ್ಷರ ಬೇರೆಯಾಗಿ ಬೀಳುತ್ತದೆ. ಪಿಡಿಎಫ್‌ಫಾಂಟ್ಸ್ ಎಂಬ ಸಣ್ಣ ಉಚಿತ ಪ್ರೋಗ್ರಾಂ ಯಾವ ಫಾಂಟ್ ಒಳಗಿದೆ, ಯಾವುದು ಇಲ್ಲ ಎಂದು ಪಟ್ಟಿ ಮಾಡಿ ಹೇಳುತ್ತದೆ.

ಕನ್ನಡ ಬಂದಾಗ ಏಳುವ ತೊಡಕುಗಳು

ಇಂಗ್ಲಿಷಿನಲ್ಲಿ ಬರೆದ ಮಾರ್ಗದರ್ಶಿಗಳು ಈ ಭಾಗವನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ನಮಗೆ ಅರ್ಧ ಕೆಲಸ ಇಲ್ಲೇ ಇದೆ.

ಮೊದಲನೆಯದು ‘ನುಡಿ’, ‘ಬರಹ’ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರುಗಳ ಹಳೆಯ ಫೈಲುಗಳು. ನಮ್ಮ ಕಡೆಯ ಡಿಟಿಪಿ ಅಂಗಡಿಗಳಲ್ಲಿ ಇಂದಿಗೂ ಬಹಳ ಕೆಲಸ ಹಳೆಯ ಫಾಂಟುಗಳಲ್ಲಿ ನಡೆಯುತ್ತದೆ. ಆ ಫೈಲಿನಲ್ಲಿ ನಿಜಕ್ಕೂ ಇರುವುದು ಕನ್ನಡ ಅಕ್ಷರವಲ್ಲ. ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಜಾಗದಲ್ಲಿ ಕನ್ನಡದ ಆಕಾರ ತೋರಿಸುವ ಫಾಂಟ್, ಅಷ್ಟೇ. ಆ ಬರಹವನ್ನು ಸಾದಾ ಪಠ್ಯದ ಫೈಲಿಗೆ ಅಂಟಿಸಿದ ತಕ್ಷಣ ಬಣ್ಣ ಬಯಲಾಗುತ್ತದೆ, ಅರ್ಥವಿಲ್ಲದ ಅಕ್ಷರಗಳ ರಾಶಿ ಕಾಣುತ್ತದೆ. ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಖ್ಯೆ ಕೊಟ್ಟಿರುವ ಪದ್ಧತಿಗೆ ಯೂನಿಕೋಡ್ ಎಂದು ಹೆಸರು. ಸಾದಾ ಪಠ್ಯದಲ್ಲಿ ಕೆಲಸ ಮಾಡಬೇಕಾದರೆ ಯೂನಿಕೋಡ್ ಬೇಕೇ ಬೇಕು. ಹಳೆಯ ಬರಹವನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳಿವೆ. ತಿರುಗಿಸಿದ ಮೇಲೆ ಒತ್ತಕ್ಷರಗಳನ್ನು ಒಮ್ಮೆ ಕಣ್ಣಾಡಿಸಿ ನೋಡಿ. ಹೊಸ ನುಡಿಯಲ್ಲೇ ಯೂನಿಕೋಡ್ ಬರೆಯುವ ಸೌಕರ್ಯವಿದೆ.

ಎರಡನೆಯದು ಅಕ್ಷರ ಜೋಡಿಸುವ ಕೆಲಸ. ಯೂನಿಕೋಡಿನಲ್ಲಿ ‘ಸ್ತ್ರೀ’ ಎಂಬುದು ಒಂದು ಅಕ್ಷರವಾಗಿ ಇರುವುದಿಲ್ಲ. ಸ, ಅರ್ಧಾಕ್ಷರದ ಗುರುತು (್), ತ, ಮತ್ತೆ ಅದೇ ಗುರುತು, ರ, ದೀರ್ಘ ಈಕಾರದ ಗುರುತು ಹೀಗೆ ಸಾಲಾಗಿ ಕೂತಿರುತ್ತವೆ. ಅವನ್ನು ಒಟ್ಟು ಸೇರಿಸಿ, ತ ಮತ್ತು ರ ಒತ್ತುಗಳನ್ನು ಸರಿಯಾದ ಕಡೆ ಕೂಡಿಸುವ ಕೆಲಸವನ್ನು ಇನ್ನೊಂದು ಪ್ರೋಗ್ರಾಂ ಮಾಡಬೇಕು. ಇದಕ್ಕೆ ಶೇಪಿಂಗ್ ಎನ್ನುತ್ತಾರೆ. ಹಾರ್ಫ್‌ಬಜ್ ಎಂಬುದು ಈ ಕೆಲಸದಲ್ಲಿ ಹೆಸರು ಮಾಡಿದ್ದು. ಶೇಪಿಂಗ್ ಬರದ ಪ್ರೋಗ್ರಾಂ ಕೈಗೆ ಕನ್ನಡ ಸಿಕ್ಕರೆ ‘ಹುಬ್ಬಳ್ಳಿ’ಯ ಒತ್ತುಗಳು ಕೆಳಗೆ ಇಳಿಯದೆ ಬಿಡಿಬಿಡಿಯಾಗಿ ನಿಲ್ಲುತ್ತವೆ.

ಗ್ರಾಫ್‌ವಿಜ್ ಪಿಎನ್‌ಜಿ ಮತ್ತು ಪಿಡಿಎಫ್ ಮಾಡುವಾಗ ಪ್ಯಾಂಗೊ, ಕೈರೊ ಎಂಬ ಸಹಾಯಕ ಲೈಬ್ರರಿಗಳನ್ನು ಬಳಸುತ್ತದೆ. ಅವುಗಳಿಗೆ ಶೇಪಿಂಗ್ ಬರುತ್ತದೆ. ಕನ್ನಡ ಫಾಂಟ್ ಕಂಪ್ಯೂಟರಿನಲ್ಲಿ ಇದ್ದರೆ ಸಾಕು, ಒತ್ತಕ್ಷರ ಸರಿಯಾಗಿ ಬರುತ್ತದೆ. ಆದರೂ ನೋಟೊ ಸಾನ್ಸ್ ಕನ್ನಡ ಅಥವಾ ಲೋಹಿತ್ ಕನ್ನಡ ಎಂದು ಫಾಂಟಿನ ಹೆಸರನ್ನು ಕೋಡಿನಲ್ಲೇ ಬರೆಯುವುದು ಒಳ್ಳೆಯದು. ಇಲ್ಲದಿದ್ದರೆ ನಿಮ್ಮ ಲ್ಯಾಪ್‌ಟಾಪಿನಲ್ಲಿ ಒಂದು ಥರ, ಗೆಳೆಯನದರಲ್ಲಿ ಇನ್ನೊಂದು ಥರ ಬರುತ್ತದೆ.

ಎಸ್‌ವಿಜಿಯ ಕತೆ ಬೇರೆ. ಅದರಲ್ಲಿ ಅಕ್ಷರಗಳು ಅಕ್ಷರಗಳಾಗಿಯೇ ಉಳಿದಿರುತ್ತವೆ. ಡಬ್ಬಿಯ ಅಗಲವನ್ನು ಗ್ರಾಫ್‌ವಿಜ್ ತನ್ನ ಬಳಿ ಇರುವ ಫಾಂಟ್ ಅಳೆದು ಗೊತ್ತು ಮಾಡುತ್ತದೆ. ಒಳಗಿನ ಅಕ್ಷರವನ್ನು ಮಾತ್ರ ಓದುಗರ ಬ್ರೌಸರ್ ತನ್ನ ಬಳಿ ಇರುವ ಫಾಂಟಿನಲ್ಲಿ ತೋರಿಸುತ್ತದೆ. ಎರಡೂ ಬೇರೆಯಾದರೆ ‘ರೈತರ ಒಪ್ಪಿಗೆ’ ಡಬ್ಬಿಯ ಹೊರಗೆ ಚಾಚಿಕೊಳ್ಳುತ್ತದೆ. ಇದಕ್ಕೆ ಎರಡು ದಾರಿ. ವೆಬ್ ಪುಟದ ಜೊತೆ ಅದೇ ಫಾಂಟನ್ನೂ ಕಳಿಸುವುದು ಒಂದು. ಕೈರೊ ಮೂಲಕ ಎಸ್‌ವಿಜಿ ಮಾಡಿಸಿ ಅಕ್ಷರಗಳನ್ನು ಗೆರೆಗಳಾಗಿ ಬದಲಿಸುವುದು ಇನ್ನೊಂದು. ಎರಡನೆಯದರಲ್ಲಿ ಎಲ್ಲೆಡೆ ಒಂದೇ ರೀತಿ ಕಾಣುತ್ತದೆ, ಆದರೆ ಚಿತ್ರದೊಳಗಿನ ಪದವನ್ನು ಹುಡುಕಲು, ನಕಲು ಮಾಡಲು ಬರುವುದಿಲ್ಲ.

ಮೂರನೆಯ ತೊಡಕು ಪಿಡಿಎಫ್ ಬರಹದ್ದು. ಆರ್ಗ್ ಮತ್ತು ಪ್ಯಾಂಡಾಕ್ ಎರಡೂ ಸಾಮಾನ್ಯವಾಗಿ ಲೇಟೆಕ್ ಎಂಬ ಅಕ್ಷರ ಜೋಡಣೆಯ ವ್ಯವಸ್ಥೆಯ ಮೂಲಕ ಪಿಡಿಎಫ್ ಮಾಡುತ್ತವೆ. ಬೇರೇನೂ ಹೇಳದಿದ್ದರೆ ಅವು ಬಳಸುವುದು ಪಿಡಿಎಫ್‌ಲೇಟೆಕ್. ಅದಕ್ಕೆ ಯೂನಿಕೋಡ್ ಕನ್ನಡವನ್ನು ಜೋಡಿಸಲು ಬರುವುದಿಲ್ಲ. ಝೀಲೇಟೆಕ್ ಅಥವಾ ಲುವಾಲೇಟೆಕ್ ಬೇಕು ಎಂದು ಹೇಳಬೇಕು. ಫಾಂಟ್ ಹೆಸರಿನ ಜೊತೆ ‘ಲಿಪಿ: ಕನ್ನಡ’ ಎಂಬ ಅರ್ಥದ ಆಯ್ಕೆಯನ್ನೂ ಕೊಡಬೇಕು. ಅದನ್ನು ಮರೆತರೆ ಫಾಂಟ್ ಸರಿಯಿದ್ದರೂ ಒತ್ತಕ್ಷರ ಕೆಡುತ್ತದೆ. ಲುವಾಲೇಟೆಕ್ ಬಳಸುವವರು ಅಕ್ಷರ ಜೋಡಿಸಲು ಹಾರ್ಫ್‌ಬಜ್ ಬೇಕು ಎಂದೂ ಸೇರಿಸಬೇಕು.

ಇಲ್ಲಿ ಒಂದು ಸೂಕ್ಷ್ಮವಿದೆ. ಬರಹದ ಫಾಂಟ್ ಲೇಟೆಕ್‌ಗೆ ಹೇಳಿದ್ದು, ಚಿತ್ರದ ಫಾಂಟ್ ಗ್ರಾಫ್‌ವಿಜ್‌ಗೆ ಹೇಳಿದ್ದು. ಒಂದರ ಮಾತು ಇನ್ನೊಂದಕ್ಕೆ ಕೇಳಿಸುವುದಿಲ್ಲ. ಎರಡು ಕಡೆಯೂ ಹೇಳಬೇಕು.

ಪರೀಕ್ಷೆಗೆ ದೊಡ್ಡ ರಿಪೋರ್ಟ್ ಬೇಡ. ಸ್ತ್ರೀ, ಹುಬ್ಬಳ್ಳಿ, ರಾಷ್ಟ್ರೀಯ, ಕೃಷಿ, ಮಾರ್ಗ ಎಂಬ ಐದು ಡಬ್ಬಿಗಳ ಚಿತ್ರ ಮಾಡಿ, ಮೂರೂ ರೂಪಕ್ಕೆ ಎಕ್ಸ್‌ಪೋರ್ಟ್ ಮಾಡಿ ನೋಡಿ. ಎರಡು ಒತ್ತುಗಳು, ದ್ವಿತ್ವ, ವಟ್ರಸುಳಿ, ಅರ್ಕಾವತ್ತು ಎಲ್ಲಾ ಇದರಲ್ಲಿ ಬಂದವು. ಇವು ಸರಿ ಬಂದರೆ ಉಳಿದದ್ದೂ ಬರುತ್ತದೆ.

ಗ್ರಾಫ್‌ವಿಜ್ ಒಂದೇ ಅಲ್ಲ

ಬರೆದು ಚಿತ್ರ ಮಾಡುವ ವಿಚಾರ ಗ್ರಾಫ್‌ವಿಜ್‌ಗಿಂತ ಹಳೆಯದು. ಬೆಲ್ ಲ್ಯಾಬ್ಸ್‌ನ ಬ್ರಯನ್ ಕರ್ನಿಘನ್ ಬರೆದ ‘ಪಿಕ್’ ಎಂಬ ಭಾಷೆ 1980ರ ದಶಕದ ಆರಂಭದ್ದು. ಅದೂ ಬರಹದ ನಡುವೆಯೇ ಚಿತ್ರದ ಸೂಚನೆ ಇಡುವ ಪದ್ಧತಿಯೇ.

ಈಗ ಜಾಸ್ತಿ ಕೇಳಿಬರುವ ಹೆಸರು ಮರ್ಮೇಡ್, 2014ರಲ್ಲಿ ಶುರುವಾದದ್ದು. ಕೋಡ್ ಇಟ್ಟು ಹಂಚಿಕೊಳ್ಳುವ ತಾಣ ಗಿಟ್‌ಹಬ್ 2022ರ ಫೆಬ್ರುವರಿಯಿಂದ ಮಾರ್ಕ್‌ಡೌನ್ ಫೈಲಿನೊಳಗಿನ ಮರ್ಮೇಡ್ ಕೋಡನ್ನು ತಾನೇ ಚಿತ್ರವಾಗಿ ತೋರಿಸುತ್ತಿದೆ. ವಿದ್ಯಾರ್ಥಿಗಳ ನಡುವೆ ಅದು ಅಷ್ಟು ಹಬ್ಬಲು ಇದೂ ಒಂದು ಕಾರಣ. ಮರ್ಮೇಡ್ ಬ್ರೌಸರಿನೊಳಗೆ ಓಡುತ್ತದೆ, ಹಾಗಾಗಿ ವೆಬ್ ಪುಟಕ್ಕೆ ಬೇರೇನೂ ಇನ್‌ಸ್ಟಾಲ್ ಮಾಡುವುದು ಬೇಡ. ಅಕ್ಷರ ಜೋಡಿಸುವುದೂ ಬ್ರೌಸರೇ, ಕನ್ನಡ ಅಲ್ಲಿ ಸಲೀಸು.

ಪಿಡಿಎಫ್, ವರ್ಡ್ ಎಂದಾಗ ಅದೇ ಗುಣ ತೊಡಕಾಗುತ್ತದೆ. ಚಿತ್ರವನ್ನು ಫೈಲಾಗಿ ಪಡೆಯಲು ಹಿಂದಿನಿಂದ ಒಂದು ಕ್ರೋಮ್ ಬ್ರೌಸರನ್ನು ಕಣ್ಣಿಗೆ ಕಾಣದಂತೆ ಓಡಿಸಬೇಕು. ಇನ್ನೊಂದು ಕಿರಿಕಿರಿ: ಮರ್ಮೇಡ್ ತನ್ನ ಫ್ಲೋಚಾರ್ಟಿನ ಎಸ್‌ವಿಜಿಯಲ್ಲಿ ಡಬ್ಬಿಯೊಳಗಿನ ಬರಹವನ್ನು ವೆಬ್ ಪುಟದ ತುಣುಕಾಗಿ ಇಡುತ್ತದೆ. ಬ್ರೌಸರಿಗೆ ಅದು ಅರ್ಥವಾಗುತ್ತದೆ, ಬಹಳಷ್ಟು ಬೇರೆ ಪ್ರೋಗ್ರಾಂಗಳಿಗೆ ಆಗುವುದಿಲ್ಲ. ಪರಿಣಾಮ, ಡಬ್ಬಿಗಳು ಬಂದಿವೆ, ಒಳಗೆ ಒಂದಕ್ಷರವೂ ಇಲ್ಲ! ಇಂಥ ಖಾಲಿ ಡಬ್ಬಿ ಕಂಡರೆ ಎಚ್‌ಟಿಎಮ್‌ಎಲ್ ಲೇಬಲ್ ಎಂಬ ಆಯ್ಕೆಯನ್ನು ಆಫ್ ಮಾಡಿ, ಇಲ್ಲವೇ ಪಿಎನ್‌ಜಿ ತೆಗೆದುಕೊಳ್ಳಿ.

ಪ್ಲಾಂಟ್‌ಯುಎಮ್‌ಎಲ್ 2009ರದು. ಯಾರು ಯಾರಿಗೆ ಯಾವ ಕ್ರಮದಲ್ಲಿ ಏನು ಕಳಿಸಿದರು ಎಂದು ತೋರಿಸುವ ಸೀಕ್ವೆನ್ಸ್ ಚಿತ್ರಕ್ಕೆ ಅದು ಚೆನ್ನ. ಓಡಿಸಲು ಜಾವಾ ಬೇಕು. ಟಿಕ್‌ಝ್ ಲೇಟೆಕ್‌ನೊಳಗೇ ಚಿತ್ರ ಬಿಡಿಸುತ್ತದೆ, ಪಿಡಿಎಫ್‌ನಲ್ಲಿ ಅದರಷ್ಟು ಅಂದ ಬೇರೆಯದಕ್ಕಿಲ್ಲ. ಆದರೆ ವರ್ಡ್‌ಗೂ ವೆಬ್‌ಗೂ ಅದನ್ನು ಒಯ್ಯುವುದು ಸುತ್ತು ದಾರಿ. ಮೂರು ರೂಪವೂ ಬೇಕು, ಬರಹ ಕನ್ನಡದಲ್ಲಿದೆ ಎನ್ನುವವರಿಗೆ ನನ್ನ ಮಟ್ಟಿಗೆ ಗ್ರಾಫ್‌ವಿಜ್ಜೇ ಮೊದಲ ಆಯ್ಕೆ. ವೆಬ್ ಒಂದೇ ಸಾಕು ಎನ್ನುವವರು ಮರ್ಮೇಡ್ ಹಿಡಿಯಬಹುದು.

ಎಚ್ಚರ ವಹಿಸಬೇಕಾದ ಕಡೆ

ಬೇರೆಯವರು ಕಳಿಸಿದ ಫೈಲನ್ನು ಎಕ್ಸ್‌ಪೋರ್ಟ್ ಮಾಡುವುದು ಎಂದರೆ ಅದರೊಳಗಿನ ಕೋಡನ್ನು ನಿಮ್ಮ ಕಂಪ್ಯೂಟರಿನಲ್ಲಿ ಓಡಿಸುವುದು. ಗ್ರಾಫ್‌ವಿಜ್ ಕೋಡ್ ಚಿತ್ರ ಬಿಡಿಸಿ ಸುಮ್ಮನಾಗುತ್ತದೆ ನಿಜ. ಆದರೆ ಆರ್ಗ್ ಫೈಲಿನಲ್ಲಿ ಫೈಲ್ ಅಳಿಸುವ ಶೆಲ್ ಕಮಾಂಡೂ (ಕಂಪ್ಯೂಟರಿಗೆ ನೇರವಾಗಿ ಕೊಡುವ ಆಜ್ಞೆ) ಅದೇ ಥರ ಬೇಲಿಯೊಳಗೆ ಕೂತಿರಬಹುದು. ಅದಕ್ಕೇ ಆರ್ಗ್ ಪ್ರತಿ ಸಲ ‘ಓಡಿಸಲೇ?’ ಎಂದು ಕೇಳುತ್ತದೆ. ಬೇಸರವೆಂದು ಆ ಪ್ರಶ್ನೆಯನ್ನು ಪೂರ್ತಿ ಬಂದ್ ಮಾಡುವ ಸಲಹೆ ಎಲ್ಲೆಡೆ ಸಿಗುತ್ತದೆ. ಗ್ರಾಫ್‌ವಿಜ್‌ಗೆ ಮಾತ್ರ ಕೇಳಬೇಡ ಎಂದು ಹೇಳುವ ದಾರಿಯೂ ಇದೆ, ಅದು ಸಾಕು.

ಪ್ಲಾಂಟ್‌ಯುಎಮ್‌ಎಲ್‌ಗೆ ಆನ್‌ಲೈನ್ ಸರ್ವರ್ ಇದೆ, ಏನೂ ಇನ್‌ಸ್ಟಾಲ್ ಮಾಡದೆ ಚಿತ್ರ ಸಿಗುತ್ತದೆ. ಅಲ್ಲಿ ನಿಮ್ಮ ಚಿತ್ರದ ಪೂರ್ತಿ ಬರಹ ಸಂಕುಚಿತವಾಗಿ ಆ ಲಿಂಕಿನೊಳಗೇ ಇರುತ್ತದೆ. ಲಿಂಕ್ ಸಿಕ್ಕವರು ಅದನ್ನು ಬಿಚ್ಚಿ ಓದಬಹುದು. ಕಾಲೇಜಿನ ಅಸೈನ್‌ಮೆಂಟ್ ಆದರೆ ಚಿಂತೆಯಿಲ್ಲ. ಬ್ಯಾಂಕಿನದೋ ಆಸ್ಪತ್ರೆಯದೋ ಒಳ ವ್ಯವಸ್ಥೆಯ ಚಿತ್ರವಾದರೆ ನಿಮ್ಮ ಕಂಪ್ಯೂಟರಿನಲ್ಲೇ ಮಾಡಿಕೊಳ್ಳಿ.

ಇನ್ನು, ಕೋಡ್ ತಿದ್ದಿದರೂ ಹಳೆಯ ಚಿತ್ರವೇ ಬರುತ್ತಿದ್ದರೆ ಗಾಬರಿ ಬೇಡ. ಪ್ರತಿ ಸಲ ಬಿಡಿಸುವುದು ತಡವಾಗುತ್ತದೆಂದು ಚಿತ್ರವನ್ನು ಉಳಿಸಿಟ್ಟುಕೊಳ್ಳುವ ವ್ಯವಸ್ಥೆ ಇರುತ್ತದೆ. ಚಿತ್ರಗಳ ಫೋಲ್ಡರನ್ನೂ ಉಳಿಸಿಟ್ಟ ಫಲಿತಾಂಶವನ್ನೂ ಅಳಿಸಿ ಮತ್ತೆ ಎಕ್ಸ್‌ಪೋರ್ಟ್ ಮಾಡಿ.

ಯಾವುದಕ್ಕೆ ಈ ದಾರಿ ಬೇಡ

ಎಲ್ಲಿ ಜಾಗವೇ ಮುಖ್ಯವೋ ಅಲ್ಲಿ ಇದು ಒಗ್ಗುವುದಿಲ್ಲ. ಮನೆಯ ನಕಾಶೆ, ಕಪ್ಪತಗುಡ್ಡದ ಭೂಪಟ, ಪ್ರಯೋಗಾಲಯದ ಉಪಕರಣದ ಚಿತ್ರ ಇವನ್ನು ಎಳೆಯುವುದೇ ಸರಿ. ಎಳೆದದ್ದನ್ನು ಎಸ್‌ವಿಜಿಯಾಗಿ ಉಳಿಸಿದರೆ ಆಯಿತು. ಒಮ್ಮೆ ಬಳಸಿ ಬಿಸಾಡುವ ಒಂದು ಚಿತ್ರಕ್ಕಾಗಿ ಇಷ್ಟೆಲ್ಲಾ ಕಲಿಯುವುದೂ ಬೇಡ, ಅಲ್ವಾ? ಅಂಕಿಅಂಶದ ಗ್ರಾಫ್ ಮಾತ್ರ ಇದೇ ಪದ್ಧತಿಗೆ ಚೆನ್ನಾಗಿ ಕೂಡುತ್ತದೆ. ಆರ್ಗ್‌ನಲ್ಲಿ ಬರಹದೊಳಗಿನ ಕೋಷ್ಟಕವನ್ನೇ ಗ್ನೂಪ್ಲಾಟ್ ಎಂಬ ಗ್ರಾಫ್ ಬಿಡಿಸುವ ಪ್ರೋಗ್ರಾಮಿಗೆ ಕೊಟ್ಟು ಗ್ರಾಫ್ ಪಡೆಯಬಹುದು. ಕೋಷ್ಟಕದ ಅಂಕಿ ತಿದ್ದಿದರೆ ಮುಂದಿನ ಎಕ್ಸ್‌ಪೋರ್ಟಿನಲ್ಲಿ ಗ್ರಾಫೂ ಬದಲಾಗುತ್ತದೆ.

ಗೈಡ್ ವರ್ಡ್‌ನಲ್ಲಿ ತಿದ್ದಿ ಕಳಿಸಿದರೆ?

ವಿದ್ಯಾರ್ಥಿಗಳು ತಪ್ಪದೆ ಕೇಳುವ ಪ್ರಶ್ನೆ ಇದು. ಉತ್ತರ ಸ್ವಲ್ಪ ಕಹಿ. ಈ ದಾರಿ ಹೆಚ್ಚುಕಡಿಮೆ ಒಂದೇ ದಿಕ್ಕಿನದು. ಸಾದಾ ಪಠ್ಯದಿಂದ ವರ್ಡ್‌ಗೆ ಹೋಗುವುದು ಸುಲಭ, ವಾಪಸ್ ಬರುವುದು ಕಷ್ಟ. ಪ್ಯಾಂಡಾಕ್ ವರ್ಡ್ ಫೈಲನ್ನೂ ಓದುತ್ತದೆ, ಕೇಳಿದರೆ ಗೈಡ್ ಮಾಡಿದ ಟ್ರ್ಯಾಕ್ ಚೇಂಜಸ್ ಗುರುತುಗಳನ್ನೂ ಎತ್ತಿ ತೋರಿಸುತ್ತದೆ. ಆದರೆ ಚಿತ್ರ ಮಾತ್ರ ಚಿತ್ರವಾಗಿಯೇ ವಾಪಸ್ ಬರುತ್ತದೆ, ಅದರ ಹಿಂದಿದ್ದ ಕೋಡ್ ವರ್ಡ್ ಫೈಲಿಗೆ ಹೋಗಿರಲೇ ಇಲ್ಲ. ಹಾಗಾಗಿ ವಾಪಸ್ ಬಂದ ಫೈಲನ್ನು ಮೂಲದ ಮೇಲೆ ಹಾಕಿಬಿಟ್ಟರೆ ಕೋಡ್ ಕಳೆದುಹೋಗುತ್ತದೆ. ತಿದ್ದುಪಡಿಗಳನ್ನು ನೋಡಿಕೊಂಡು ಮೂಲ ಫೈಲಿನಲ್ಲಿ ಕೈಯಿಂದಲೇ ಮಾಡುವುದು ಸುರಕ್ಷಿತ.

ಗುಂಪಿನಲ್ಲಿ ನಾಲ್ಕು ಜನ ಇದ್ದರೆ ಮೂಲ ಫೈಲನ್ನು ಪ್ರತಿ ಬದಲಾವಣೆಯ ಲೆಕ್ಕ ಇಡುವ ಗಿಟ್ ಎಂಬ ಪ್ರೋಗ್ರಾಮಿನಲ್ಲಿ ಇಡಿ. ಯಾರು ಯಾವ ಬಾಣವನ್ನು ಎಲ್ಲಿಂದ ಎಲ್ಲಿಗೆ ತಿರುಗಿಸಿದರು ಎಂಬುದು ಸಾಲು ಸಾಲಾಗಿ ಕಾಣುತ್ತದೆ. ಪಿಎನ್‌ಜಿ ಇಟ್ಟರೆ ‘ಫೈಲ್ ಬದಲಾಗಿದೆ’ ಎಂದಷ್ಟೇ ತಿಳಿಯುತ್ತದೆ.

ಚಿತ್ರದ ಮೇಲೂ ಗೈಡ್ ಬದಲಾವಣೆ ಹೇಳಬೇಕಾಗಿದ್ದರೆ ಆರ್ಗ್‌ನಲ್ಲಿ ಒಂದು ಆಯ್ಕೆಯಿದೆ. ಎಕ್ಸ್‌ಪೋರ್ಟ್ ಮಾಡುವಾಗ ಚಿತ್ರ ಮಾತ್ರ, ಕೋಡ್ ಮಾತ್ರ, ಅಥವಾ ಎರಡೂ ಎಂದು ಕೇಳಬಹುದು. ಕರಡು ಪ್ರತಿಯಲ್ಲಿ ಎರಡನ್ನೂ ಇಡಿ. ನಾಲ್ಕು ಸಾಲಿನ ‘ತೂಕ -> ಪಾವತಿ’ ಓದಲು ಯಾರಿಗೂ ಪ್ರೋಗ್ರಾಮಿಂಗ್ ಬೇಕಿಲ್ಲ. ಗೈಡ್ ಅದರ ಮೇಲೆಯೇ ಕೆಂಪು ಪೆನ್ನಿನಿಂದ ಬಾಣ ತಿದ್ದಿ ಕೊಡಬಹುದು. ಬೈಂಡಿಂಗ್‌ಗೆ ಹೋಗುವ ಪ್ರತಿಗೆ ಮತ್ತೆ ‘ಚಿತ್ರ ಮಾತ್ರ’ ಎಂದು ಬದಲಿಸಿದರಾಯಿತು.